ಅತ್ತೆಮ್ಮನ ಜೋಳದ ಚೀಲ

ದೇವದುರ್ಗ, ೧೯೮೪

ಅತ್ತೆಮ್ಮಾ,

ನೀವು ಹೊಲಿದುಕೊಟ್ಟ ಚೀಲವನ್ನು ಎಂಟು ದಿನದ ಹಿಂದೆ ತೆಗೆದಿಟ್ಟೆ. ಬೈಯಬೇಡಿ, ಮೊದಲು ಕೇಳಿ.

ಆಪರೇಷನ್ನಿನಲ್ಲಿ ನನ್ನ ಎಡಮೊಲೆ ತೆಗೆದಾಗ, ಯಾರೂ ನನ್ನನ್ನು ನಿಂತು ನೋಡಬಾರದೆಂದು ನಿಮ್ಮ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಜೋಳ ತುಂಬಿ, ಆ ಜಾಗದಲ್ಲಿ ಕೂರುವಂತೆ ಕೊರಳಿಗೆ ಹಾಕಿಕೊಳ್ಳಲು ಲಾಡಿ ಹೊಲಿದುಕೊಟ್ಟಿರಿ. ಹತ್ತಿ ತುಂಬಿದರೆ ಜೋಲುವುದಿಲ್ಲ, ಜನರಿಗೆ ಗೊತ್ತಾಗುತ್ತದೆ ಎಂದಿರಿ. ನೀವು ತೀರಿಕೊಂಡ ಮೇಲೂ ದಿನಾ ಹಾಕಿಕೊಂಡೆ. ಒಂದು ವರ್ಷದಿಂದ ಕತ್ತುನೋವು, ತಲೆನೋವು. ರೋಗ ತಲೆಗೇರಿತೆಂದು ಹೆದರಿ ಯಾರಿಗೂ ಹೇಳಲಿಲ್ಲ.

ಕೊನೆಗೆ ರಾಯಚೂರಿನ ಆಸ್ಪತ್ರೆಗೆ ಹೋದೆ. ನರ್ಸ್ ಜಾಹೆದಾ ಚೀಲವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು.

"ಇಷ್ಟು ಭಾರ ಕೊರಳಿಗೆ ಹಾಕ್ಕೊಂಡು ಅಡ್ಡಾಡ್ತಿಯಲ್ಲವ್ವಾ! ರೋಗ ತಿರುಗಿ ಬಂದಿಲ್ಲಂತ ಡಾಕ್ಟರು ಹೇಳ್ಯಾರ. ಇದನ್ನ ಎಂಟು ದಿನ ತೆಗೆದಿಟ್ಟು ನೋಡು. ನೋವು ಪೂರಾ ಹೋಗ್ತದಂತ ಖಾತ್ರಿ ಹೇಳಾಕ ಬರಂಗಿಲ್ಲ."

ತಲೆನೋವು ಹೋಯಿತು, ಅತ್ತೆಮ್ಮಾ. ಕತ್ತು ಇನ್ನೂ ಸ್ವಲ್ಪ ಹಿಡಿಯುತ್ತದೆ.

ಇವತ್ತು ಚೀಲದ ಹೊಲಿಗೆ ಬಿಚ್ಚಿದೆ. ಜೋಳಕ್ಕೆ ಒಂದು ಹುಳವೂ ಬಿದ್ದಿರಲಿಲ್ಲ. ನೀವು ಒಳಗೆ ಒಣಗಿದ ಬೇವಿನೆಲೆ ಹಾಕಿದ್ದಿರಿ. ಅದೇ ಬಟ್ಟೆಗೆ ಈಗ ಹತ್ತಿ ತುಂಬಿ, ಕುಪ್ಪಸದ ಒಳಗೇ ಹೊಲಿದಿದ್ದೇನೆ. ಜೋಲುವುದಿಲ್ಲ, ನಿಜ. ಆದರೂ ನಾಳೆ ಅದನ್ನೇ ತೊಟ್ಟು ಮಾನವಿ ಸಂತೆಗೆ ಹೋಗುತ್ತೇನೆ. ನೋಡುವವರು ನೋಡಲಿ.

"ಭಾರ ಆಗ್ತದೇನವ್ವಾ?" ಎಂದು ನೀವು ದಿನಾ ಕೇಳುತ್ತಿದ್ದಿರಿ. "ಇಲ್ರಿ" ಎನ್ನುತ್ತಿದ್ದೆ.

ಆಗ್ತಿತ್ರಿ, ಅತ್ತೆಮ್ಮಾ.