ಕಂಡದ್ದು, ಕೇಳಿದ್ದು

ಮಾರ್ಚ್ ೯, ಶನಿವಾರ

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಉತ್ತರ ಬರೆಯುವುದನ್ನು ಅಮ್ಮ ಮರೆತೇಬಿಟ್ಟಳೆಂದು ಮುಖ ಊದಿಸಿಕೊಳ್ಳಬೇಡ. ಇಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ.

ಸೋಮವಾರದಿಂದ ನಮ್ಮ ಶಾಲೆಯಲ್ಲಿ ಶಿಕ್ಷಕರ ಮೌಲ್ಯಮಾಪನ ಶುರು. ಹಿರಿಯ ಶಿಕ್ಷಕರು ನಾಲ್ವರು ಉಳಿದವರ ಪಾಠಗಳನ್ನು ಕೂತು ನೋಡಿ ವರದಿ ಬರೆಯಬೇಕು. ಇನ್ನೂ ಕಾಯಂ ಆಗದ ಇಬ್ಬರ ಕೆಲಸ ಆ ವರದಿಯ ಮೇಲೇ ನಿಂತಿದೆ. ನಾಲ್ವರನ್ನೂ ತಯಾರು ಮಾಡುವ ಭಾರ ಮುಖ್ಯೋಪಾಧ್ಯಾಯಿನಿಯಾದ ನನ್ನ ತಲೆಗೆ. ಇವರೋ, ತರಗತಿಯಲ್ಲಿ ಹುಲಿಗಳು, ಜೊತೆಯವರ ಬಗ್ಗೆ ಬರೆಯಲು ಕೂತರೆ ಇಲಿಗಳು. ತಯಾರಿಯ ಮೊದಲ ದಿನ ಬರೆಸಿ ನೋಡಿದರೆ ನಾಲ್ಕೂ ಹಾಳೆಯಲ್ಲಿ "ಪಾಠ ಉತ್ತಮವಾಗಿತ್ತು" ಎಂಬ ಒಂದೇ ಸಾಲು.

"ಇದೇನು ವರದಿಯೋ, ಬೀಳ್ಕೊಡುಗೆ ಭಾಷಣವೋ?" ಎಂದು ಗದರಿದೆ. "ಕಂಡದ್ದು, ಕೇಳಿದ್ದು ಅಷ್ಟನ್ನೇ ಬರೀರಿ. ಎಷ್ಟು ಗಂಟೆಗೆ, ಯಾರು, ಏನು ಮಾಡಿದ್ರು ಅಂತ. ನಿಮ್ಮ ಅಭಿಪ್ರಾಯ ಮನೇಲಿಟ್ಟು ಬನ್ನಿ."

ನಿನ್ನೆ ಅಭ್ಯಾಸಕ್ಕೆಂದು ನಾಲ್ವರನ್ನೂ ನನ್ನ ತರಗತಿಯಲ್ಲೇ ಕೂರಿಸಿದೆ. ಏಳನೇ ತರಗತಿ, ಭಿನ್ನರಾಶಿ. ಮೂವತ್ತೊಂದು ವರ್ಷ ಹೇಳಿಕೊಟ್ಟ ಪಾಠ, ನೀರು ಕುಡಿದಷ್ಟು ಸಲೀಸು. ಮೂವರು ನನ್ನನ್ನು ಹೊಗಳಿ ಅಟ್ಟಕ್ಕೇರಿಸಿದ್ದರು. ವಿಜ್ಞಾನದ ಶಿಕ್ಷಕಿ ಮಾತ್ರ ಹಾಳೆ ಕೊಡಲು ಹಿಂದೆ ಮುಂದೆ ನೋಡಿದಳು. ಎಲ್ಲರೂ ಅವಳನ್ನು ಕರೆಯುವುದೇ "ಮೆತ್ತಗಿನ ಮೇಡಂ" ಎಂದು.

"ತಪ್ಪು ತಿಳ್ಕೋಬೇಡಿ ಮೇಡಂ, ನೀವೇ ಹೇಳಿದ್ರಲ್ಲ ಅಂತ ಬರೆದೆ," ಎಂದಳು.

ಅದರಲ್ಲಿ ಹೀಗಿತ್ತು: "೧೦.೨೦: ಕೊನೆಯ ಸಾಲಿನ ಹುಡುಗಿ 'ಮಿಸ್, ಅರ್ಥ ಆಗ್ಲಿಲ್ಲ' ಎಂದಳು. ಉತ್ತರವಿಲ್ಲ. ೧೦.೨೨: ಮತ್ತೆ ಕೇಳಿದಳು. ಉತ್ತರವಿಲ್ಲ. ೧೦.೨೫: ಮೂರನೆಯ ಸಲ ಕೇಳಿದಳು. ಆಮೇಲೆ ಪುಸ್ತಕ ಮುಚ್ಚಿದಳು."

ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಆ ಹಾಳೆಯನ್ನು ಎತ್ತಿ ಹಿಡಿದೆ. "ನೋಡ್ರಪ್ಪಾ, ವರದಿ ಅಂದ್ರೆ ಇದು! ನನ್ನ ಮುಂದೇನೇ ನಿಜ ಬರೆಯೋ ಧೈರ್ಯ ಇರೋಳು ಕಾಯಂ ಆಗದ ಆ ಇಬ್ಬರಿಗೂ ಅನ್ಯಾಯ ಮಾಡಲ್ಲ," ಎಂದೆ. ಮೆತ್ತಗಿನ ಮೇಡಂಗೆ ಕಣ್ಣು ತುಂಬಿ ಬಂತು. ಉಳಿದವರು ತಮ್ಮ ಹಾಳೆ ಹರಿದು ಹೊಸದಾಗಿ ಬರೆದರು. ಈ ಸಲ ಬರೆದದ್ದರಲ್ಲಿ ಹುರುಳಿತ್ತು. ಸೋಮವಾರದ ಬಗ್ಗೆ ನನಗೀಗ ಎಳ್ಳಷ್ಟೂ ಅಳುಕಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು. ಮಗುವಿಗೆ ನನ್ನ ಮುತ್ತು. ನೀವು ಮೂವರೂ ನೂರು ಕಾಲ ನಗುನಗುತ್ತಾ ಬಾಳಿ.

ನಿನ್ನ
ಅಮ್ಮ

ತಾ.ಕ.: ಆ ಹುಡುಗಿ ಮೂರು ಸಲ ಕೂಗಿದ್ದು ನನಗೆ ಒಂದು ಸಲವೂ ಕೇಳಿಸಿರಲಿಲ್ಲ. ಕಿವಿ ಮಂದವಾಗಿ ವರ್ಷವಾಗುತ್ತ ಬಂತು, ಯಾರಿಗೂ ಹೇಳಿಲ್ಲ. ಹೋದ ಭಾನುವಾರ ನೀನು ಫೋನಿನಲ್ಲಿ ಬಹಳ ಹೊತ್ತು ಏನೋ ಹೇಳುತ್ತಿದ್ದೆ. ನಾನು ಹೂಂ, ಹೂಂ ಅಂದೆ. ಕೊನೆಗೆ "ಒಳ್ಳೇದಾಯ್ತು ಬಿಡು" ಅಂದೆ. ನೀನು ಫೋನ್ ಇಟ್ಟುಬಿಟ್ಟೆ. ಏನು ಹೇಳಿದ್ದೆ ಮಗಳೇ? ಬರೆದು ಕಳಿಸು.