ಕೇಳಿದಷ್ಟು ಸಲವೂ

ಮಾರ್ಚ್ ೧೧, ಬುಧವಾರ

ಸ್ಪ್ರಿಂಕ್ಲರ್ ಪೈಪು ಸರಿಮಾಡಲು ಹೊಳೆಯ ತಣ್ಣೀರಿಗೆ ಇಳಿದಿದ್ದ ನನ್ನ ಗಂಡ ಮನೆಗೆ ಬಂದವರೇ, “ಕೃತಿಕಾ ಇನ್ನೂ ಬಂದಿಲ್ವೇನೇ?” ಎಂದರು.

ಮಗಳು ತೀರಿಕೊಂಡು ನಾಲ್ಕು ತಿಂಗಳು. ನಾನು ಬೇಡವೆಂದರೂ ತುಂಬಿದ ಜೀಪಿಗೆ ಹತ್ತಿಸಿ ಕಳಿಸಿದವರು ಇವರೇ. ಆಮೇಲೆ ಅವಳ ಹೆಸರನ್ನೇ ಎತ್ತಿರಲಿಲ್ಲ.

“ಜೀಪು ಉರುಳಿ ಹೋಗ್ಬಿಟ್ಲಲ್ರೀ,” ಎಂದೆ. ಅತ್ತರು. ಕಣ್ಣೊರೆಸಿಕೊಂಡು ಮತ್ತೆ ಅದನ್ನೇ ಕೇಳಿದರು.

“ನೀವೇ ಹತ್ತಿಸಿದ ಜೀಪು,” ಎಂದು ಈ ಸಲ ಸೇರಿಸಿದೆ. ಕೇಳಿದಷ್ಟು ಸಲವೂ ಹೇಳಿದೆ.

ಮೂಡಿಗೆರೆಯ ಡಾಕ್ಟರು ಪರೀಕ್ಷೆ ಮಾಡಿ, “ತಣ್ಣೀರು, ಆಯಾಸ, ದುಃಖ, ಯಾವುದ್ರಿಂದ ಬೇಕಾದ್ರೂ ಹೀಗಾಗ್ಬಹುದಮ್ಮ. ಗಾಬರಿ ಬೇಡ, ನೆನಪು ಬರುತ್ತೆ,” ಎಂದರು.

ಸಂಜೆಗೆ ಎಲ್ಲ ನೆನಪಾಯಿತು, ಮಗಳು ಹೋದದ್ದೂ; ಇವತ್ತು ನಾನು ಹೇಳಿದ್ದೊಂದು ಬಿಟ್ಟು. ಈಗ ಮತ್ತೆ ಬಾಯಿ ಮುಚ್ಚಿಕೊಂಡು ಗೋಡೆಯತ್ತ ತಿರುಗಿ ಮಲಗಿದ್ದಾರೆ. ಎಬ್ಬಿಸಿ ಇನ್ನೊಂದು ಸಲ ಹೇಳಬೇಕು ಅನ್ನಿಸುತ್ತಿದೆ, ಈ ಸಲ ಮರೆಯದ ಹಾಗೆ.