ಒಂದೂವರೆ ತಾಸು

ಕೊಟ್ಟೂರು
೧೪ ಜುಲೈ ೨೦೨೪

ಪ್ರೀತಿಯ ಅರ್ಚನಕ್ಕಾ,

ಕೀರ್ತನಾಳ ಕೆಮ್ಮು ಕಡಿಮೆಯಾಯಿತೇ? ನೀನು ನಿದ್ದೆ ಮಾಡುತ್ತಿಲ್ಲವೆಂದು, ಅಡುಗೆಮನೆಗೆ ಕಾಲಿಡುತ್ತಿಲ್ಲವೆಂದು ಮಾವ ಹೇಳಿದರು. ಫೋನಿನಲ್ಲಿ ಅವ್ವನ ಮಾತು ಬಂದಾಗಲೆಲ್ಲ ಇಬ್ಬರಲ್ಲಿ ಒಬ್ಬರು ಫೋನು ಇಟ್ಟುಬಿಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ನಾವೆಲ್ಲ ಆರೋಗ್ಯವಾಗಿದ್ದೇವೆ. ಅಪ್ಪ ಅಂಗಡಿಗೆ ಹೋಗಲು ಶುರುಮಾಡಿದ್ದಾರೆ.

ಅವ್ವ ತೀರಿಕೊಂಡ ಬೆಳಿಗ್ಗೆ ಸುದ್ದಿ ಹೇಳಲು ನಾನು ದುಬೈಗೆ ಫೋನು ಮಾಡಿದಾಗ ನೀನು ನಂಬಲೇ ಇಲ್ಲ. "ಈಗ ಇಲ್ಲೇ ಇದ್ಲಲ್ಲೋ. ಐದಕ್ಕ ಎದ್ದು ನೋಡ್ತೀನಿ, ಗ್ಯಾಸಿನ ಮುಂದ ನಿಂತಾಳ. ಹೆದರಿ ಒಳಗ ಓಡಿ ಬಂದೆ" ಎಂದು ನೀನು ಅಂದೆ. ಪಕ್ಕದಲ್ಲಿದ್ದ ಗಂಗಾಂಬಿಕತ್ತೆ ಫೋನು ಕಸಿದುಕೊಂಡು, "ಜೀವ ಹೋಗಿದ್ದು ಐದೂವರಿಗವ್ವಾ. ಜೀವ ಇದ್ದಾಗ್ಲೇ ನಿನ್ನ ಕರ್ಯಾಕ ಬಂದಾಳ, ನೀ ಮಾತಾಡಿಸಲಿಲ್ಲಲ್ಲ" ಎಂದುಬಿಟ್ಟರು. ಕರೆಯಲು ಬಂದವಳಿಗೆ ಬೆನ್ನು ತಿರುಗಿಸಿದೆನೇ ಎಂದು ಅಂದಿನಿಂದ ನೀನು ಕೇಳುತ್ತಲೇ ಇದ್ದೀ.

ಇಲ್ಲ ಅಕ್ಕಾ. ಅತ್ತೆ ಲೆಕ್ಕ ತಪ್ಪಿದ್ದಾರೆ. ಹೋದ ವರ್ಷ ಅವ್ವ ನಿನ್ನ ಟಿಕೆಟ್ಟನ್ನು ನನ್ನಿಂದ ಓದಿಸಿ ಇದೇ ತಪ್ಪು ಮಾಡಿದ್ದಳು. ಬೆಂಗಳೂರು ಬಿಡುವುದು ಹತ್ತಕ್ಕೆ, ದುಬೈ ಮುಟ್ಟುವುದು ಹನ್ನೆರಡೂವರೆಗೆ. ಬರುವಾಗ ಎರಡಕ್ಕೆ ಬಿಟ್ಟರೆ ಇಲ್ಲಿಗೆ ಏಳೂವರೆ. "ಹೋಗಾಕ ಹತ್ರ, ಬರಾಕ ದೂರ ಐತಿ ಆ ಊರು" ಎಂದಳು. ಎರಡು ಸಾವಿರದ ಏಳುನೂರು ಕಿಲೋಮೀಟರ್, ಹೋಗಲೂ ಬರಲೂ ನಾಲ್ಕೇ ತಾಸು, ಅಲ್ಲಿನ ಗಡಿಯಾರ ಒಂದೂವರೆ ತಾಸು ಹಿಂದಿದೆ ಎಂದು ನಾನು ಬಿಡಿಸಿ ಹೇಳಿದೆ. "ಹಂಗಾರ ನಡುವಿನ ಒಂದೂವರಿ ತಾಸು ಯಾರು ತಿಂದ್ರಲೇ?" ಎಂದು ನಕ್ಕಿದ್ದಳು.

ನಿನ್ನ ಐದು ನಮ್ಮ ಆರೂವರೆ. ಅಷ್ಟರಲ್ಲಿ ಅವ್ವ ಹೋಗಿ ಒಂದು ತಾಸಾಗಿತ್ತು. ಮೈ ಸೆಟೆಯುವ ಮೊದಲೇ ಕೂರಿಸಬೇಕೆಂದು ಹಿರಿಯರು ಅವಸರ ಮಾಡಿದರು. ಜಳಕ ಮಾಡಿಸಿ, ಗೋಡೆಗೆ ಆನಿಸಿ ಕೂರಿಸಿ, ಅತ್ತೆ ಹಣೆಗೆ ವಿಭೂತಿ ಹಚ್ಚಿದಾಗ ಗಡಿಯಾರ ಆರೂವರೆ ಹೊಡೆಯಿತು. "ವಿಭೂತಿ ಇನ್ನೂ ಹಸಿ ಇತ್ತು, ಬೆಳ್ಳಗಾಗಿದ್ದಿಲ್ಲ" ಎಂದು ಅವತ್ತು ಫೋನಿನಲ್ಲಿ ನೀನೇ ಅಂದಿದ್ದೆ. ಆ ಜಳಕದ ವಿಷಯ ನಿನಗೆ ಆಗ ಯಾರೂ ಹೇಳಿರಲಿಲ್ಲ. ನಾನು ಇಂಥದ್ದನ್ನು ನಂಬುವವನಲ್ಲ. ಆದರೂ ಎಷ್ಟು ಸಲ ಕೂಡಿ ಕಳೆದರೂ ಅದೇ ಹೊತ್ತು ಬರುತ್ತದೆ.

ಆದ್ದರಿಂದ ಅವಳು ನಿನ್ನನ್ನು ಕರೆಯಲು ಬಂದಿರಲಿಲ್ಲ. ನೋವೆಲ್ಲ ಮುಗಿಸಿಕೊಂಡು, ಜಳಕ ಮಾಡಿಕೊಂಡು ಬಂದಿದ್ದಳು. ಕರೆದವರಿಗೆ ಯಾರಿಗೂ ನೀನು ಬೆನ್ನು ತಿರುಗಿಸಿಲ್ಲ. ನಾಳೆ ಬೆಳಿಗ್ಗೆ ಎದ್ದು ನಿನ್ನ ಅಡುಗೆಮನೆಯಲ್ಲಿ ಚಹಾ ಮಾಡಿಕೋ.

ಮಾವನಿಗೆ ನಮಸ್ಕಾರ, ಕೀರ್ತನಾಳಿಗೆ ಮುತ್ತು. ನಿನಗೆ ಒಳ್ಳೆಯ ನಿದ್ದೆ ಬರಲಿ.

ನಿನ್ನ ತಮ್ಮ,
ಪ್ರವೀಣ

ಮರೆತಿದ್ದೆ: ವಿಭೂತಿ ಹಚ್ಚುವಾಗ ಅವ್ವ ವಾಲದಂತೆ ಹೆಗಲು ಹಿಡಿದುಕೊಂಡು ಕೂತಿದ್ದವನು ನಾನು. ಆ ಹೊತ್ತಿಗೆ ಅವಳು ನಿನ್ನ ಹತ್ತಿರ ಇದ್ದಳು. ಇಲ್ಲಿ ನಮಗ್ಯಾರಿಗೂ ಒಮ್ಮೆಯೂ ಕಾಣಿಸಿಲ್ಲ. ನಾನು ನಡುಮನೆಯಲ್ಲೇ ಮಲಗುತ್ತೇನೆ, ಬಾಗಿಲಿಗೆ ಅಗುಳಿ ಹಾಕುವುದಿಲ್ಲ. ಮತ್ತೆ ಬಂದರೆ ಹೆದರಬೇಡ. ಒಂದು ಸಲ ಈ ಕಡೆಗೂ ಬಂದು ಹೋಗು ಎಂದು ಹೇಳು.